ಪುಣೆಯ ಫಾಲ್ಗುಣ, ಚೈತ್ರಗಳಲ್ಲಿ ಜಪಾನಿನ ವಸಂತದ ಹಾಡುಗಳನ್ನು ಕೇಳುವ ಕ್ರಮ

ಜಪಾನಿನಲ್ಲಿ ಶಾಲೆಯ ವರ್ಷವೂ ಕಚೇರಿಯ ಲೆಕ್ಕದ ವರ್ಷವೂ ಏಪ್ರಿಲ್‌ 1ರಂದು ಆರಂಭವಾಗಿ ಮಾರ್ಚ್‌ 31ಕ್ಕೆ ಮುಗಿಯುತ್ತವೆ. ಮಾರ್ಚ್‌ನಲ್ಲಿ ಶಾಲೆ ಕಾಲೇಜುಗಳ ಬೀಳ್ಕೊಡುಗೆ, ಏಪ್ರಿಲ್‌ ಮೊದಲಲ್ಲಿ ಹೊಸ ಶಾಲೆಯ ಪ್ರವೇಶ ಸಮಾರಂಭ ಹಾಗೂ ಕಂಪನಿಗಳು ಹೊಸ ನೌಕರರನ್ನು ಬರಮಾಡಿಕೊಳ್ಳುವ ಸಮಾರಂಭ, ಇವೆರಡರ ನಡುವೆ ಚೆರಿ ಮರಗಳು ಹೂವಾಗಿ ಉದುರಿಹೋಗುವ ಎರಡು ವಾರ: ಅಲ್ಲಿನ ವಸಂತದ ಚೌಕಟ್ಟು ಇದು. ಆದುದರಿಂದ ವಸಂತದ ಹಾಡು ಎಂದು ಅಲ್ಲಿ ಹೆಸರಾದವುಗಳಲ್ಲಿ ಹೂವಿನ ಜೊತೆಜೊತೆಗೇ ರೈಲು ನಿಲ್ದಾಣ, ಬಾಡಿಗೆಯ ಕೋಣೆ, ಸಹಪಾಠಿ, ಊರು ಬಿಡುವ ದಿನ ಇವೆಲ್ಲ ಬರುತ್ತವೆ. ಮಾರ್ಚ್‌ ಕೊನೆಯ ಲೆಕ್ಕದ ಬಿಸಿ ಎಂಥದೆಂದು ಪುಣೆಯ ಹಿಂಜವಡಿ, ಮಗರ್‌ಪಟ್ಟಾಗಳಲ್ಲಿ ದುಡಿಯುವ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹಣಕಾಸಿನ ವರ್ಷ ಮುಗಿಯುವುದೂ ಅದೇ ದಿನ. ಶಾಲೆಯ ಆರಂಭ ಮಾತ್ರ ನಮ್ಮ ಮನಸ್ಸಿನಲ್ಲಿ ಜೂನ್‌ ತಿಂಗಳಿನ ಮಳೆಯೊಡನೆ ಬೆಸೆದುಕೊಂಡಿದೆ.

ಈ ಒಂದು ಸಂಗತಿಯನ್ನು ಗಮನಿಸದೆ ಕೇಳಲು ಕುಳಿತರೆ ಹಾಡುಗಳೆಲ್ಲ ಒಂದೇ ಬಗೆಯ ಸಿಹಿಯಾಗಿ ಕೇಳಿಸುತ್ತವೆ. ಆ್ಯಪ್‌ಗಳಲ್ಲಿ ಸಿಗುವ ಸಿದ್ಧ ಪಟ್ಟಿಗಳ ತೊಂದರೆಯೂ ಇದೇ. ಬೀಳ್ಕೊಡುಗೆಯ ಹಾಡಿನ ಹಿಂದೆ ಬೇಸಿಗೆಯ ಉತ್ಸಾಹದ ಹಾಡು, ಅದರ ಹಿಂದೆ ಡಿಸೆಂಬರಿನ ಹಾಡು ಬಂದು ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಪಟ್ಟಿಯನ್ನು ನೀವೇ ಮಾಡಿಕೊಳ್ಳಿ, ಹಾಡುಗಳನ್ನು ಜಪಾನಿನ ಪಂಚಾಂಗದ ಕ್ರಮದಲ್ಲಿ ಜೋಡಿಸಿ, ಕಲಸಿ ನುಡಿಸುವ ಶಫಲ್‌ ಗುಂಡಿಯನ್ನು ಮುಟ್ಟಬೇಡಿ.

ಪಂಚಾಂಗವನ್ನು ಹೊಂದಿಸಿಕೊಳ್ಳುವುದು

ಜಪಾನಿನಲ್ಲಿ ಅತಿ ಹೆಚ್ಚಾಗಿ ನೆಟ್ಟಿರುವ ಚೆರಿ ತಳಿಯ ಹೆಸರು ಸೋಮೆಯ್‌ ಯೋಶಿನೊ. ಇದು ಎಲೆ ಬರುವ ಮೊದಲೇ ಹೂಬಿಡುತ್ತದೆ. ದಕ್ಷಿಣದ ಕ್ಯುಶು ದ್ವೀಪದಲ್ಲಿಯೂ ಟೋಕಿಯೊದಲ್ಲಿಯೂ ಸಾಮಾನ್ಯವಾಗಿ ಮಾರ್ಚ್‌ ಉತ್ತರಾರ್ಧದಲ್ಲಿ ಆರಂಭವಾಗುವ ಹೂಗಾಲ ಉತ್ತರಕ್ಕೆ ಸರಿಯುತ್ತ ಹೋಗಿ, ಹೊಕ್ಕೈಡೊವನ್ನು ಮುಟ್ಟುವಾಗ ಏಪ್ರಿಲ್‌ ಕೊನೆಯೋ ಮೇ ಆರಂಭವೋ ಆಗಿರುತ್ತದೆ. ಟೋಕಿಯೊದಲ್ಲಿ ಹೂಗಾಲ ಬಂದಿತೆಂದು ಹವಾಮಾನ ಇಲಾಖೆ ಸಾರುವುದು ಯಾಸುಕುನಿ ದೇವಾಲಯದ ಆವರಣದಲ್ಲಿರುವ ಒಂದು ಮಾದರಿ ಮರವನ್ನು ನೋಡಿ. ಅದರಲ್ಲಿ ಐದಾರು ಹೂ ಅರಳಿದರೆ ಘೋಷಣೆಯಾಯಿತು. ಅಲ್ಲಿಂದ ಸುಮಾರು ಒಂದು ವಾರಕ್ಕೆ ಮರ ತುಂಬುತ್ತದೆ, ಮತ್ತೊಂದು ವಾರದಲ್ಲಿ ಹೂವು ನೆಲಕ್ಕೆ ಬಿದ್ದಿರುತ್ತದೆ.

ಇದನ್ನು ನಮ್ಮ ಕಾಲಕ್ಕೆ ಹೊಂದಿಸುವುದು ಕಷ್ಟವಲ್ಲ. ಹೋಳಿಯ ಆಚೀಚಿನ ದಿನಗಳನ್ನು ಬೀಳ್ಕೊಡುಗೆಯ ಹಾಡುಗಳಿಗೆ, ಯುಗಾದಿಯ ಆಸುಪಾಸನ್ನು ಹೂವಿನ ಹಾಡುಗಳಿಗೆ, ಅಲ್ಲಿಂದ ಮೇ ಮೊದಲ ವಾರದವರೆಗಿನ ಕಾಲವನ್ನು ಹೊಸ ಬದುಕಿನ ಹಾಡುಗಳಿಗೆ ಬಿಟ್ಟುಕೊಡಿ. ಹೂವಿನ ಕೊರತೆ ಪುಣೆಗಿಲ್ಲ. ಫೆಬ್ರವರಿ, ಮಾರ್ಚ್‌ಗಳಲ್ಲಿ ವೇತಾಳ ಟೇಕಡಿಯ ಮೇಲೆ ಗ್ಲಿರಿಸಿಡಿಯ, ಅಂದರೆ ನಮ್ಮ ಕಡೆ ಗೊಬ್ಬರದ ಗಿಡ ಎಂದು ಬೇಲಿಗೆ ನೆಡುವ ಮರ, ಎಲೆಯೆಲ್ಲ ಕಳಚಿಕೊಂಡು ಬರಿಯ ರೆಂಬೆಗಳ ತುಂಬ ತಿಳಿಗುಲಾಬಿ ಹೂಗಳನ್ನು ಹೊತ್ತು ನಿಲ್ಲುತ್ತದೆ. ಹೊರದೇಶದಿಂದ ಬಂದ ಈ ಗಿಡ ಗುಡ್ಡವನ್ನೆಲ್ಲ ಆಕ್ರಮಿಸಿ ಸ್ಥಳೀಯ ಸಸ್ಯಗಳಿಗೆ ಜಾಗ ಉಳಿಸಿಲ್ಲವೆಂದು ಪರಿಸರ ಬಲ್ಲವರು ಆಕ್ಷೇಪಿಸುತ್ತಾರೆ, ಆ ಆಕ್ಷೇಪ ಸರಿಯೇ ಆಗಿದೆ. ಆದರೆ ಜಪಾನಿನ ಹಾಡು ಕೇಳುವವರಿಗೆ ಎಲೆಯಿಲ್ಲದ ಹೂಮರ ಬೇಕಿದ್ದರೆ ಇಷ್ಟು ಹತ್ತಿರದಲ್ಲಿ ಬೇರೊಂದು ಸಿಗಲಾರದು. ಮುಂಬಯಿಯವರಿಗೆ ವಿಕ್ರೋಳಿಯ ಬಳಿ ಈಸ್ಟರ್ನ್‌ ಎಕ್ಸ್‌ಪ್ರೆಸ್‌ ಹೆದ್ದಾರಿಯ ಬದಿಯಲ್ಲಿ ಬಸಂತ್‌ ರಾಣಿ ಎಂದು ಜನ ಕರೆಯುವ ಗುಲಾಬಿ ಟಬೂಬಿಯಾ ಸಾಲು ಇದೆ.

ಮಾರ್ಚ್‌ನ ಹಾಡುಗಳು

ಇಲ್ಲಿ ಮೊದಲಿಗೆ ಇಡಬೇಕಾದದ್ದು ಬ್ಯಾಕ್‌ ನಂಬರ್‌ ತಂಡದ ‘ಸುಯ್‌ಹೆಯ್‌ಸೆನ್‌’. 2020ರಲ್ಲಿ ಕೊರೋನಾ ಕಾರಣದಿಂದ ಪ್ರೌಢಶಾಲಾ ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಕ್ರೀಡಾಕೂಟ ರದ್ದಾಯಿತು. ಮೂರು ವರ್ಷ ಅಭ್ಯಾಸ ಮಾಡಿ ಕೊನೆಯ ಪಂದ್ಯವನ್ನೇ ಆಡದೆ ಶಾಲೆ ಬಿಡಬೇಕಾದ ಆ ಮಕ್ಕಳಿಗಾಗಿ ಗುನ್ಮಾ ಪ್ರಾಂತದಿಂದ ಬಂದ ಈ ಮೂವರ ತಂಡ ಹಾಡು ಕಟ್ಟಿತು. ಬಂದದ್ದು ಆಗಸ್ಟ್‌ನಲ್ಲಾದರೂ ಅದು ಬೀಳ್ಕೊಡುಗೆಯ ಹಾಡಾಗಿ ಬಳಕೆಗೆ ಬಂದಿತು. ‘ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಸುಲಭದ ಸಾಂತ್ವನ ಇದರಲ್ಲಿಲ್ಲ ಎಂಬುದೇ ಇದರ ಗುಣ. ಧ್ವನಿ ಮೊದಲಿಗೆ ಮಾತಿನ ಮಟ್ಟದಲ್ಲಿಯೇ ಇದ್ದು ನಿಧಾನವಾಗಿ ಮೇಲಕ್ಕೆ ಹೋಗುತ್ತದೆ. ಪರೀಕ್ಷೆಯ ಬಿಸಿಯಲ್ಲಿರುವ ಮಕ್ಕಳಿರುವ ಮನೆಯಲ್ಲಿ ಇದನ್ನು ರಾತ್ರಿ ಮೆಲ್ಲಗೆ ಹಾಕಿದರೆ ಯಾರೂ ಬೇಡವೆನ್ನಲಾರರು.

ಇದರ ಜೊತೆಗೆ ಒಂದು ಹಳೆಯ ಹಾಡನ್ನು ಕೇಳಲೇಬೇಕು. ರೆಮಿಯೊರೊಮೆನ್‌ ತಂಡದ ‘ಸಾನ್‌ಗಾತ್ಸು ಕೊಕೊನೊಕ’ 2004ರ ಮಾರ್ಚ್‌ 9ರಂದು ಬಿಡುಗಡೆಯಾಯಿತು. ಹಾಡಿನ ಹೆಸರೇ ಆ ತಾರೀಖು. ಗೆಳೆಯರೊಬ್ಬರ ಮದುವೆಗೆಂದು ಬರೆದದ್ದು, ಮರುವರ್ಷ ಒಂದು ಜನಪ್ರಿಯ ಟಿ.ವಿ. ಧಾರಾವಾಹಿಯಲ್ಲಿ ಬಳಕೆಯಾದ ಮೇಲೆ ಶಾಲೆಗಳ ಬೀಳ್ಕೊಡುಗೆಗೆ ಸೇರಿಹೋಯಿತು. ಮದುವೆಯ ಹಾಡು ಬೀಳ್ಕೊಡುಗೆಯ ಹಾಡಾಗುವುದು ಹೆಣ್ಣೊಪ್ಪಿಸುವ ಹಾಡುಗಳನ್ನು ಕೇಳಿ ಬೆಳೆದ ನಮಗೆ ವಿಚಿತ್ರವೆನಿಸಬೇಕಾಗಿಲ್ಲ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಹದಿನಾರು ವರ್ಷಗಳ ಅಂತರದಲ್ಲಿ ಈ ಪ್ರಕಾರ ಎಷ್ಟು ಬದಲಾಗಿದೆ, ಎಷ್ಟು ಬದಲಾಗಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಮೂರನೆಯದು ಫುಜೀ ಕಾಜೆ ಅವರ ‘ಕಾಎರೋ’. ಇದು 2020ರ ಮೇ ತಿಂಗಳಿನಲ್ಲಿ ಬಂದ ಅವರ ಮೊದಲ ಆಲ್ಬಂನ ಕೊನೆಯ ಹಾಡು. ಆ ಆಲ್ಬಂನ ಹೆಸರು ‘ಹೆಲ್ಪ್‌ ಎವರ್‌ ಹರ್ಟ್‌ ನೆವರ್‌’, 2022ರ ಮುಂದಿನದರ ಹೆಸರು ‘ಲವ್‌ ಆಲ್‌ ಸರ್ವ್‌ ಆಲ್‌’. ಪುಟ್ಟಪರ್ತಿಗೆ ಹೋಗಿಬಂದವರ ಮನೆಯ ಗೋಡೆಗಳ ಮೇಲೆ ಈ ಎರಡೂ ಮಾತುಗಳನ್ನು ನೋಡಿರುವ ಕನ್ನಡ ಓದುಗರು ಮುಗುಳ್ನಕ್ಕರೆ ಆಶ್ಚರ್ಯವಿಲ್ಲ. ಹಾಡಿನಲ್ಲಿ ವಸಂತದ ವರ್ಣನೆಯೇನೂ ಇಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು ಹಗುರಾಗಿ ಮನೆಗೆ ಹೊರಡುವ ಭಾವ ಇದೆ, ಮತ್ತು ಅದನ್ನು ಹೊತ್ತಿರುವ ಪಿಯಾನೊ ಇದೆ. ಗಾಯಕರು ಒಕಾಯಾಮ ಪ್ರಾಂತದ ಸಾತೊಶೊ ಪಟ್ಟಣದವರು. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ, ಅಂದರೆ ಪುಣೆ ಒಕಾಯಾಮ ಮೈತ್ರಿ ಉದ್ಯಾನ, ಅದೇ ಒಕಾಯಾಮದಲ್ಲಿ 1700ರಲ್ಲಿ ಪೂರ್ಣಗೊಂಡ ಕೊರಾಕುಎನ್‌ ತೋಟದ ಮಾದರಿಯಲ್ಲಿ ರೂಪುಗೊಂಡದ್ದು. ಸಂಜೆ ಅಲ್ಲಿ ಹುಲ್ಲುಹಾಸಿನ ಅಂಚಿನಲ್ಲಿ, ತೊರೆಯ ಬದಿಯಲ್ಲಿ ನಡೆಯುತ್ತ ಈ ಹಾಡನ್ನು ಕೇಳಲು ಯಾವ ನೆಪವೂ ಬೇಕಾಗಿಲ್ಲ.

ಹೂವಿನ ಎರಡು ವಾರ

ಇಡೀ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಯೊರುಶಿಕ ಜೋಡಿಯ ‘ಹಾರು ದೊರೊಬೊ’ವನ್ನು. 2021ರ ಜನವರಿಯಲ್ಲಿ ಬಂದ ಈ ಹಾಡನ್ನು ರಚಿಸಿದವರು ಎನ್‌-ಬುನಾ, ಹಾಡಿದವರು ಸುಯ್‌. ಇಬ್ಬರೂ ಸಾರ್ವಜನಿಕವಾಗಿ ಮುಖ ತೋರಿಸುವುದಿಲ್ಲ. ಹಾಡು ಹುಟ್ಟಿದ ಬಗೆಯನ್ನು ರಚನಕಾರರೇ ಹೇಳಿಕೊಂಡಿದ್ದಾರೆ. ಟೋಕಿಯೊದ ಪಶ್ಚಿಮಕ್ಕಿರುವ ಶೋವಾ ಸ್ಮಾರಕ ಉದ್ಯಾನದ ಬಯಲಿನಲ್ಲಿ ಒಂಟಿಯಾಗಿ ನಿಂತ ಒಂದು ದೊಡ್ಡ ಮರವಿದೆ. ಅದು ಕೆಯಾಕಿ ಎಂಬ ಜಾತಿಯದು, ಚೆರಿಯಲ್ಲ. ವಸಂತದ ಒಂದು ದಿನ ಅದನ್ನು ನೋಡುತ್ತ, ಇದು ಚೆರಿಯಾಗಿದ್ದರೆ ಚೆನ್ನಾಗಿತ್ತು ಎಂದುಕೊಂಡ ಅವರು ಅದನ್ನು ಚೆರಿಯೆಂದೇ ಭಾವಿಸಿ ಬರೆಯಲು ಕುಳಿತರು. ಹೂವನ್ನು ಆಯುಷ್ಯವೆಂದು ಇಟ್ಟುಕೊಂಡರೆ ಗಾಳಿ ಕಾಲವಾಗುತ್ತದೆ; ಹೂವನ್ನು ಕದ್ದೊಯ್ಯುವ ಆ ಗಾಳಿಯೇ ಹಾಡಿನ ಹೆಸರಿನಲ್ಲಿರುವ ವಸಂತದ ಕಳ್ಳ. ಪ್ರತಿ ಬಾರಿ ಪಲ್ಲವಿ ಮರಳಿದಾಗ ಮರದಲ್ಲಿ ಹೂವು ಕಡಿಮೆಯಾಗುತ್ತ ಬಂದು, ಕೊನೆಯಲ್ಲಿ ಎಲೆಗಳು ಮಾತ್ರ ಉಳಿಯುತ್ತವೆ. ಸಂಗೀತ ಮಾತ್ರ ಎಲ್ಲಿಯೂ ಅಳುವುದಿಲ್ಲ. ಗಿಟಾರು ಚುರುಕಾಗಿ ನಡೆಯುತ್ತಿರುತ್ತದೆ, ಸುಯ್‌ ಅವರ ಧ್ವನಿ ತಿಳಿಯಾಗಿ ಹರಿಯುತ್ತಿರುತ್ತದೆ, ಶೋಕವೆಲ್ಲ ಮಾತಿನಲ್ಲಿದೆ. ಬೇರೆ ಮರವನ್ನು ಚೆರಿಯೆಂದು ಭಾವಿಸಿ ಬರೆದ ಹಾಡು ಇದಾದುದರಿಂದ, ವೇತಾಳ ಟೇಕಡಿಯ ಗ್ಲಿರಿಸಿಡಿಯದ ಕೆಳಗೆ ನಿಂತು ಕೇಳುವವರಿಗೆ ಯಾವ ಸಂಕೋಚವೂ ಬೇಡ. ಬೆಳಗಿನ ಏಳು ಗಂಟೆಯೊಳಗೆ ಹೋಗಿ. ಹತ್ತರ ನಂತರ ಬಿಸಿಲು ಜಪಾನನ್ನು ಮರೆಸಿಬಿಡುತ್ತದೆ.

ಐಮ್ಯೋನ್‌ ಅವರ ಎರಡು ಹಾಡುಗಳೂ ಇದೇ ವಾರಗಳಿಗೆ ಸೇರಿದವು. ‘ಹಾರು ನೊ ಹಿ’ 2019ರ ಏಪ್ರಿಲ್‌ನಲ್ಲಿ ಬಂದ ಶಿನ್‌ಚಾನ್‌ ಚಲನಚಿತ್ರದ ಹಾಡು. ಹೌದು, ನಮ್ಮ ಮನೆಗಳ ಟಿ.ವಿ.ಯಲ್ಲಿ ಹಿಂದಿ ಮಾತಾಡುತ್ತ ಅಮ್ಮನಿಂದ ಪೆಟ್ಟು ತಿನ್ನುವ ಅದೇ ಹುಡುಗ. ಚಿತ್ರ ಅವನ ಅಪ್ಪ ಅಮ್ಮನ ತಡವಾದ ಮಧುಚಂದ್ರದ ಕಥೆಯಾದುದರಿಂದ ಹಾಡೂ ಆ ದಂಪತಿಯ ಯೌವನಕ್ಕೆ ಹೋಗುತ್ತದೆ. ಆರಂಭವಾಗುವುದು ಟೋಕಿಯೊದ ಕಿತಾಸೆಂಜು ರೈಲು ನಿಲ್ದಾಣದ ಪ್ಲಾಟ್‌ಫಾರಂನಲ್ಲಿ. ಮಕ್ಕಳೊಂದಿಗೆ ಕೇಳಲು ಇದಕ್ಕಿಂತ ಒಳ್ಳೆಯ ಪ್ರವೇಶ ಇಲ್ಲ. ‘ಸಾಕುರಾ ಗ ಫುರು ಯೊರು ವ’ 2021ರದು, ಇನ್ನೂ ತುಸು ಚಳಿಯಿರುವ ಏಪ್ರಿಲ್‌ ರಾತ್ರಿಯ ಪ್ರೇಮದ ಹಾಡು. ಪುಣೆಯ ಏಪ್ರಿಲ್‌ ರಾತ್ರಿಯಲ್ಲಿ ಚಳಿಯನ್ನು ಊಹಿಸಿಕೊಳ್ಳಲು ಪಂಖಾದ ವೇಗವನ್ನು ಒಂದು ಹೆಚ್ಚಿಸಿಕೊಳ್ಳಬೇಕಾಗಬಹುದು.

‘ಸಾಕುರಾ’, ಅಂದರೆ ಚೆರಿ ಹೂವು, ಎಂಬ ಹೆಸರಿನ ಹಾಡುಗಳು ಹೇರಳವಾಗಿವೆ. 2003ರಲ್ಲಿ ನಾವೊತಾರೊ ಮೊರಿಯಾಮ, 2005ರಲ್ಲಿ ಕೊಬುಕುರೊ ಮತ್ತು ಕೆತ್ಸುಮೆಯ್‌ಶಿ, 2006ರಲ್ಲಿ ಇಕಿಮೊನೊಗಕರಿ, ಹೀಗೆ ಬೇರೆ ಬೇರೆಯವರು ಅದೇ ಹೆಸರಿನಲ್ಲಿ ಹಾಡು ತಂದಿದ್ದಾರೆ. ಹುಡುಕುವಾಗ ಬರಿಯ ಹೆಸರನ್ನು ಹಾಕಿದರೆ ಕಳೆದುಹೋಗುವುದು ಖಚಿತ. ಗಾಯಕರ ಹೆಸರನ್ನು ಸೇರಿಸಿ, ಸಿಕ್ಕಿದ್ದು ಅವರದೇ ಅಧಿಕೃತ ಯೂಟ್ಯೂಬ್‌ ಚಾನೆಲ್‌ ಹೌದೇ ಎಂದು ನೋಡಿಕೊಳ್ಳಿ. ಬೇರೆಯವರು ಹಾಡಿದ ಅನುಕರಣೆಗಳು ಮೂಲಕ್ಕಿಂತ ಮೇಲೆ ಕಾಣಿಸಿಕೊಳ್ಳುವುದುಂಟು.

ಹೊಸ ಬದುಕಿನ ಹಾಡುಗಳು

ಏಪ್ರಿಲ್‌ ನಡುವಿನಿಂದ ಪಟ್ಟಿಯ ಲಯ ಏರಬೇಕು. ಇಲ್ಲಿ ಮುಖ್ಯವಾದದ್ದು ಕೆನ್ಶಿ ಯೊನೆಜು ಅವರ ‘ಸಯೊನಾರ ಮತಾ ಇತ್ಸುಕ’, 2024ರ ಏಪ್ರಿಲ್‌ನಲ್ಲಿ ಬಂದದ್ದು. ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಬೆಳಗಿನ ಹೊತ್ತು ಹದಿನೈದು ನಿಮಿಷಗಳ ಧಾರಾವಾಹಿಯನ್ನು ಪ್ರಸಾರ ಮಾಡುತ್ತದೆ. ಈ ಹಾಡು ಆ ಏಪ್ರಿಲ್‌ನಲ್ಲಿ ಆರಂಭವಾದ ಧಾರಾವಾಹಿಯದು, ಅದರ ನಾಯಕಿಗೆ ಮಾದರಿಯಾದವರು ಯೋಶಿಕೊ ಮಿಬುಚಿ. 1938ರಲ್ಲಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಜಪಾನಿನ ಮೊದಲ ಮೂವರು ಮಹಿಳೆಯರಲ್ಲಿ ಒಬ್ಬರು, ಮುಂದೆ ನ್ಯಾಯಾಧೀಶೆಯಾದವರು. ವಸಂತ ಎಲ್ಲಿಂದ ತಿರುಗಿ ಬರುತ್ತದೆಂದು ತಿಳಿಯದೆಯೇ ದೊಡ್ಡವರಾಗಿಬಿಟ್ಟೆವು ಎಂಬ ಅರ್ಥದ ಮಾತಿನಿಂದ ಹಾಡು ತೆರೆದುಕೊಳ್ಳುತ್ತದೆ. ವಿದಾಯದ ಹೆಸರು ಹೊತ್ತಿದ್ದರೂ ನಡೆ ಕುಣಿತದ್ದು, ಒಳಗಿರುವುದು ಸಿಟ್ಟು. ಹೆಣ್ಣುಮಕ್ಕಳ ಶಾಲೆಗಾಗಿ ಕಲ್ಲು ಸಗಣಿಗಳ ಏಟು ತಿಂದ ಸಾವಿತ್ರಿಬಾಯಿ ಫುಲೆಯವರ ಊರಿನಲ್ಲಿ ಈ ಸಿಟ್ಟಿಗೆ ವಿವರಣೆ ಬೇಕಾಗುವುದಿಲ್ಲ.

ಅದರ ಪಕ್ಕದಲ್ಲಿ ಮಿಸೆಸ್‌ ಗ್ರೀನ್‌ ಆ್ಯಪಲ್‌ ತಂಡದ ‘ಲೈಲಾಕ್‌’ ಇರಲಿ. ಇದೂ 2024ರ ಏಪ್ರಿಲ್‌ನದೇ. ಬೇಸ್‌ಬಾಲ್‌ ಆಡುವ ಹುಡುಗರ ಕಥೆಯ ಒಂದು ಅನಿಮೆ, ಅಂದರೆ ಜಪಾನೀ ಕಾರ್ಟೂನ್‌, ಸರಣಿಗಾಗಿ ರಚಿತವಾಗಿ, ಅದೇ ವರ್ಷದ ಜಪಾನ್‌ ರೆಕಾರ್ಡ್‌ ಪ್ರಶಸ್ತಿಯನ್ನು ಪಡೆಯಿತು. ಹಿರೊತೊ ವಕಾಯ್‌ ನುಡಿಸುವ ಆರಂಭದ ಗಿಟಾರು ಸ್ವರಗಳು ಒಂದರ ಬೆನ್ನಿಗೆ ಒಂದು ಉರುಳಿ ಬರುವುದನ್ನು ಕೇಳಿದರೆ ಸಾಕು, ಈ ಹಾಡನ್ನು ನುಡಿಸಲು ಹೊರಟ ಹವ್ಯಾಸಿಗಳೆಲ್ಲ ಮೊದಲ ಸಾಲಿನಲ್ಲಿಯೇ ಏಕೆ ನಿಲ್ಲುತ್ತಾರೆಂದು ಅರ್ಥವಾಗುತ್ತದೆ.

ಯಾಮ ಅವರ ‘ಹಾರು ಒ ತ್ಸುಗೆರು’ ಬೇರೆ ಜಾತಿಯದು. ಟೋಕಿಯೊದಲ್ಲಿ ಕೊರೋನಾ ಕಾರಣದಿಂದ ತುರ್ತು ಪರಿಸ್ಥಿತಿ ಘೋಷಣೆಯಾದದ್ದು 2020ರ ಏಪ್ರಿಲ್‌ 7ರಂದು, ಹಾಡು ಬಂದದ್ದು 17ರಂದು. ಸಣ್ಣ ಕೋಣೆ, ನಡುರಾತ್ರಿ, ಹೊರಗೆ ಎಲ್ಲಿಯೋ ವಸಂತ. ಹಗಲಿನಲ್ಲಿ ಕೇಳಬಾರದು. ಕೊನೆಗೆ ಮೇ ಮೊದಲ ವಾರದ ರಜೆಗಳ ಹೊತ್ತಿಗೆ ಫುಜೀ ಕಾಜೆ ಅವರ ‘ಕಿರಾರಿ’: 2021ರ ಮೇ ತಿಂಗಳಿನದು, ಒಂದು ಕಾರಿನ ಜಾಹೀರಾತಿಗೆ ಬಳಕೆಯಾದದ್ದು, ಲೋಣಾವಳದ ದಾರಿಗೆ ಹೇಳಿ ಮಾಡಿಸಿದ್ದು.

ಕೇಳುವಾಗ ಗಮನಿಸಬೇಕಾದದ್ದು

ಜಪಾನಿನ ಪಾಪ್‌ ಹಾಡಿನ ರಚನೆ ನಮ್ಮ ಪಲ್ಲವಿ, ಅನುಪಲ್ಲವಿ, ಚರಣಗಳನ್ನು ತಲೆಕೆಳಗು ಮಾಡಿದಂತಿರುತ್ತದೆ. ಅಲ್ಲಿ ಮೊದಲು ಎ-ಮೆಲೊ, ಆಮೇಲೆ ಬಿ-ಮೆಲೊ, ಅವೆರಡೂ ಏಣಿ ಹಾಕಿಕೊಟ್ಟ ಮೇಲೆ ಸಾಬಿ ಎಂದು ಕರೆಯುವ ಮುಖ್ಯ ಭಾಗ ಬರುತ್ತದೆ. ಎರಡು ಸುತ್ತು ಮುಗಿದ ನಂತರ ಹೊಸದೊಂದು ಭಾಗ ಬಂದು, ವಾದ್ಯಗಳೆಲ್ಲ ಹಿಂದೆ ಸರಿದು ಸಾಬಿಯನ್ನು ಒಮ್ಮೆ ಮೆಲುವಾಗಿ ಹಾಡಿ, ಅನಂತರ ಪೂರ್ಣ ಬಲದಿಂದ, ಹಲವು ಸಲ ಶ್ರುತಿಯನ್ನೇ ಒಂದು ಮೆಟ್ಟಿಲು ಏರಿಸಿ, ಮುಗಿಸುವುದು ರೂಢಿ. ಆ ಮೆಲುವಾದ ಸಾಬಿಗಾಗಿ ಕಾಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬೀಳ್ಕೊಡುಗೆಯ ಹಾಡುಗಳ ಜೀವ ಸಾಮಾನ್ಯವಾಗಿ ಅಲ್ಲಿರುತ್ತದೆ, ಒಂದು ನಿಮಿಷ ಕೇಳಿ ಮುಂದಿನದಕ್ಕೆ ಹಾರುವವರಿಗೆ ಅದು ದಕ್ಕುವುದಿಲ್ಲ.

ನಗುವೂ ಅಳುವೂ ಒಟ್ಟಿಗೆ ಬಂದಂತೆ ಈ ಹಾಡುಗಳು ಕೇಳಿಸುವುದಕ್ಕೆ ಕಾರಣವಿದೆ. ಜಪಾನಿನ ಸಂಗೀತಗಾರರು ರಾಜಮಾರ್ಗ ಎಂದು ಕರೆಯುವ ಒಂದು ಸ್ವರಮೇಳಗಳ, ಅಂದರೆ ಕಾರ್ಡ್‌ಗಳ, ಕ್ರಮವಿದೆ. ಅದು ಸ್ಥಾಯಿಯ ಮನೆಯಾದ ಒಂದನೆಯ ಮೇಳದಿಂದ ಹೊರಡದೆ ನಾಲ್ಕರಿಂದ ಹೊರಟು, ಐದನ್ನು ಮುಟ್ಟಿ, ಮನೆಗೆ ಬರುವುದರ ಬದಲು ಮೂರು ಮತ್ತು ಆರನೆಯ ವಿಷಾದದ ಮೇಳಗಳಿಗೆ ಇಳಿಯುತ್ತದೆ. ಮನೆ ಸೇರುವುದನ್ನು ಮುಂದೂಡುತ್ತ ಹೋಗುವ ಈ ನಡೆ ಮಾರ್ಚ್‌ ತಿಂಗಳಿನ ಮನಸ್ಸಿಗೆ ಚೆನ್ನಾಗಿ ಒಗ್ಗುತ್ತದೆ. ರಾಗದ ಕಿವಿಯಿರುವವರಿಗೆ ಇನ್ನೊಂದು ದಾರಿಯೂ ಇದೆ. ಆಧುನಿಕ ಜಪಾನೀ ಗೀತೆಗಳಲ್ಲಿ ಮತ್ತೆ ಮತ್ತೆ ಬರುವ, ನಾಲ್ಕು ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಐದು ಸ್ವರಗಳ ಶ್ರೇಣಿ ನಮ್ಮ ಭೂಪ್‌, ಅಂದರೆ ಮೋಹನದ ಸ್ವರಗಳೇ. ‘ಸಾಕುರಾ ಸಾಕುರಾ’ ಎಂಬ ಪುರಾತನ ಗೀತೆಯಲ್ಲಿ ಕೇಳಿಸುವವು ಗುಣಕ್ರಿಯ ಸ್ವರಗಳು. ಗದಗಿನಿಂದ ಬಂದ ಭೀಮಸೇನ ಜೋಶಿಯವರು ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಲ್ಲಿ ಸವಾಯಿ ಗಂಧರ್ವ ಉತ್ಸವವನ್ನು ಆರಂಭಿಸಿದ ಈ ಊರಿನಲ್ಲಿ, ಇವನ್ನು ಗುರುತಿಸುವ ಕನ್ನಡಿಗರು ಕಡಿಮೆಯಿರಲಾರರು. ಆದರೆ ಪಾಪ್‌ ಹಾಡಿನಲ್ಲಿ ರಾಗದ ವಿಸ್ತಾರವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸ್ವರ ಒಂದೇ ಆದರೂ ಚಲನೆ ಬೇರೆ.

ಅರ್ಥದ ವಿಚಾರದಲ್ಲಿ ಅವಸರ ಬೇಡ. ಮೊದಲು ಹಾಡು ಬಾಯಿಗೆ ಬರುವಷ್ಟು ಕೇಳಿ, ಆಮೇಲೆ ಅಧಿಕೃತ ವಿಡಿಯೊದಲ್ಲಿ ಇಂಗ್ಲಿಷ್‌ ಅಡಿಬರಹವಿದ್ದರೆ ಓದಿ. ಯಂತ್ರ ತಾನಾಗಿ ಕೊಡುವ ಅಡಿಬರಹವನ್ನು ನಂಬದಿರುವುದು ಮೇಲು. ಅಕ್ಷರದಿಂದಲೇ ಆರಂಭಿಸಬೇಕೆನ್ನುವವರಿಗೆ ಪುಣೆಯಲ್ಲಿ ಅನುಕೂಲ ಹೆಚ್ಚು: ಫರ್ಗ್ಯುಸನ್‌ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ವಿಶ್ವವಿದ್ಯಾಲಯದ ಜಪಾನೀ ತರಗತಿಗಳು ನಡೆಯುತ್ತವೆ, ಜಪಾನೀ ಭಾಷಾ ಸಾಮರ್ಥ್ಯದ ಪರೀಕ್ಷೆಗೂ ಇಲ್ಲಿ ಕೇಂದ್ರವಿದೆ.

ಕೇಳುವ ಜಾಗ ಯಾವುದಾದರೂ ಆಗಬಹುದು, ಸ್ಕೂಟರ್‌ ಒಂದನ್ನು ಬಿಟ್ಟು. ಕಿವಿ ಮುಚ್ಚಿಕೊಂಡು ಸ್ವಾರ್‌ಗೇಟ್‌ ಚೌಕ ದಾಟುವಷ್ಟು ಯಾವ ಹಾಡೂ ಒಳ್ಳೆಯದಿರುವುದಿಲ್ಲ. ವನಾಜ್‌ನಿಂದ ರಾಮವಾಡಿಗೆ ಹೋಗುವ ಮೆಟ್ರೊ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ತಿಂಗಳಿನ ಹಾಡುಗಳು ಒಂದು ಪಯಣದಲ್ಲಿ ಮುಗಿಯುತ್ತವೆ.

ಪಟ್ಟಿ ಒಮ್ಮೆ ಸಿದ್ಧವಾದ ಮೇಲೆ ಪ್ರತಿ ವರ್ಷ ಹೊಸದನ್ನು ಸೇರಿಸಲು ಎರಡು ಕಡೆ ನೋಡಿದರೆ ಸಾಕು. ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್‌ ಮೊದಲಿಗೆ ಮತ್ತು ಶರತ್ಕಾಲದಲ್ಲಿ ಬದಲಾಗುತ್ತದೆ. ಏಪ್ರಿಲ್‌ನದಕ್ಕೆ ಯಾರು ಹಾಡಿದ್ದಾರೆಂದು ನೋಡಿ. ಅನಿಮೆ ಸರಣಿಗಳು ಜನವರಿ, ಏಪ್ರಿಲ್‌, ಜುಲೈ, ಅಕ್ಟೋಬರ್‌ಗಳಲ್ಲಿ ಹೊಸದಾಗಿ ಆರಂಭವಾಗುತ್ತವೆ. ಏಪ್ರಿಲ್‌ ಸರಣಿಗಳ ಆರಂಭದ ಹಾಡುಗಳನ್ನು ಒಂದು ಸುತ್ತು ಕೇಳಿ. ಸಿಕ್ಕವುಗಳಲ್ಲಿ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಿ, ಅವು ಬರುವಾಗ ಹಳೆಯದೊಂದನ್ನು ತೆಗೆಯಿರಿ. ‘ಹಾರು ದೊರೊಬೊ’ವನ್ನು ಮಾತ್ರ ತೆಗೆಯಬೇಡಿ.